ಗಡಿ ಕಾಯಬೇಕು, ಆಸ್ಪತ್ರೆ ಕಾಯಲಿ

"ಇಳಿಸಿ, ಇಳಿಸಿ! ಎತ್ತಬೇಡಿ! ಸಾಹೇಬರು ಹೊರಟಾಯ್ತಂತೆ!"

ಹೆಣವನ್ನು ಹೆಗಲಿಗೆ ಏರಿಸಿಯಾಗಿತ್ತು. ಮುಂದೆ ಹೊತ್ತವರು ಗೇಟು ದಾಟಿದ್ದರು, ಹಿಂದೆ ಹೊತ್ತವರು ಇನ್ನೂ ಅಂಗಳದಲ್ಲಿದ್ದರು. ಬೀದಿಯ ಆ ತುದಿಯಿಂದ ಫೋನಪ್ಪ ಎರಡೂ ಕೈ ಬೀಸುತ್ತ ಓಡಿ ಬಂದ. ಒಂದು ಕೈಯಲ್ಲಿ ಫೋನು, ಇನ್ನೊಂದರಲ್ಲೂ ಫೋನು. ಸಂಸದರ ಬಲಗೈ ಅಂತ ಅವನು ತನ್ನನ್ನು ತಾನೇ ಕರೆದುಕೊಳ್ಳುತ್ತಿದ್ದ. ಊರವರ ಬಾಯಲ್ಲಿ ಮಾತ್ರ ಅವನು ಫೋನಪ್ಪ, ಯಾಕೆಂದರೆ ಅವನ ಎರಡು ಕಿವಿಯೂ ಒಟ್ಟಿಗೆ ಖಾಲಿ ಇದ್ದದ್ದನ್ನು ಯಾರೂ ಕಂಡಿರಲಿಲ್ಲ.

ಹೊತ್ತವರು ಸತ್ತವನ ಮಗಳ ಮುಖ ನೋಡಿದರು. ಅವಳು ಬಾಯಿ ತೆರೆಯುವ ಮೊದಲೇ ಮಾವ, ಅಂದರೆ ಅಮ್ಮನ ತಮ್ಮ, "ಇಳಿಸ್ರಪ್ಪಾ, ಸ್ವಲ್ಪ ಹೊತ್ತು ತಾನೇ" ಅಂದುಬಿಟ್ಟ. ಮಾವನ ಸೈಕಲ್ ಅಂಗಡಿ ಇದ್ದದ್ದು ಸರಕಾರಿ ಜಾಗದಲ್ಲಿ. ಸಂಸದರ ಹೆಸರು ಕೇಳಿದರೆ ಸಾಕು, ಅವನ ಬೆನ್ನು ತಾನಾಗಿಯೇ ಬಾಗುತ್ತಿತ್ತು.

ಹೆಣ ಹಿಂದಕ್ಕೆ ಬಂತು. ತಿರುಗಿಸುವಾಗ ಅಪ್ಪನ ಕಾಲು ಗೇಟಿನ ಕಂಬಕ್ಕೆ ತಗುಲಿತು. ಆ ಕಂಬಕ್ಕೆ ಇಂಥದ್ದೇ ಅಂತ ಒಂದು ಬಣ್ಣವಿರಲಿಲ್ಲ. ಅಪ್ಪ ದಿನಾ ಬೆಳಿಗ್ಗೆ ಕೆಲಸಕ್ಕೆ ಹೋಗುವ ಮುನ್ನ ಬ್ರಷ್ಷಿನ ಹದ ನೋಡಲು ಅದಕ್ಕೆ ಒಂದು ಗೀರು ಎಳೆಯುತ್ತಿದ್ದ. ಊರಿನ ಕ್ಷೌರದಂಗಡಿ, ಶಾಲೆ, ಬಸ್‌ಸ್ಟ್ಯಾಂಡು, "ಇಲ್ಲಿ ಮೂತ್ರ ಮಾಡಬಾರದು", ಎಲ್ಲ ಪಕ್ಷಗಳ ಎಲ್ಲ ಘೋಷಣೆ, ಎಲ್ಲವೂ ಅವನ ಕೈಬರಹವೇ. ಸ್ವಂತ ಮನೆಯ ಬಾಗಿಲ ಮೇಲೆ ಮಾತ್ರ ಒಂದಕ್ಷರವೂ ಇರಲಿಲ್ಲ. ಕೇಳಿದರೆ, "ನನ್ನ ಮನೆ ನನಗೆ ಗೊತ್ತಲ್ಲ, ಬೋರ್ಡು ಯಾಕೆ?" ಅನ್ನುತ್ತಿದ್ದ.

"ಎಷ್ಟು ಹೊತ್ತು ಕಾಯಬೇಕು?" ಮಗಳು ಕೇಳಿದಳು.

"ಇಗೋ ಬಂದೇಬಿಟ್ರು ಅಂತ ತಿಳ್ಕೊಳಮ್ಮ. ನಾಳೆ ಸಂಸತ್ತಿನ ಸಭೇಲಿ ರಕ್ಷಣಾ ನಿಧಿ ಮತಕ್ಕೆ ಬರುತ್ತೆ. ಅದಕ್ಕೆ ಮೊದಲು ಒಬ್ಬ ಯೋಧನ ತಂದೆಗೆ ನಮನ ಸಲ್ಲಿಸಬೇಕು ಅಂತ ಸಾಹೇಬರಿಗೆ ಮನಸ್ಸಾಗಿದೆ. ಟೀವಿಯವರೂ ಬರ್ತಿದಾರೆ. ಒಂದೆರಡು ಮಾತು, ಅಷ್ಟೆ."

"ಒಂದೆರಡು ಮಾತಲ್ಲಿ ಅವರು ಯಾವತ್ತು ನಿಲ್ಲಿಸಿದಾರೆ? ನನಗೆ ಬೇಡ. ಅಪ್ಪ ಸತ್ತಿದ್ದು ಎಲ್ಲಿ ಅಂತ ಗೊತ್ತಲ್ಲ ನಿಮಗೆ? ಆಸ್ಪತ್ರೆ ಬೆಂಚಿನ ಮೇಲೆ. ಹೆಣದ ಮುಂದೆ ನಿಂತು ಅವರು ಬಂದೂಕಿನ ಮಾತಾಡೋದು ಬೇಡ."

ಫೋನಪ್ಪ ಅವಳ ಜೊತೆ ವಾದಕ್ಕೆ ಹೋಗಲಿಲ್ಲ. ಅವಳು ಬಸ್ ಕಂಡಕ್ಟರು. ಸಂತೆಯ ದಿನ ತುಂಬಿ ತುಳುಕುವ ಬಸ್ಸಿನಲ್ಲಿ ಗಂಟಲಿನ ಜೋರಿನಿಂದಲೇ ದಾರಿ ಮಾಡಿಕೊಳ್ಳುವವಳು. ಅವನು ನೇರವಾಗಿ ಅಮ್ಮನ ಹತ್ತಿರ ಹೋಗಿ ಮಂಡಿಯೂರಿ ಕೂತ.

"ತಾಯೀ, ನಿಮ್ಮ ಮಗ ಗಡೀಲಿದಾನಲ್ಲ? ಸಾಹೇಬರು ಮೇಲಿನವರಿಗೆ ಒಂದು ಫೋನ್ ಹಾಕಿದ್ರೆ ಸಾಕು, ರಜೆ ಸಿಗುತ್ತೆ. ಸಂಜೆಯೊಳಗೆ ಹೆಲಿಕಾಪ್ಟರಲ್ಲಿ ತಂದು ಇಳಿಸ್ತಾರೆ. ಮಗ ಅಪ್ಪನ ಮುಖ ನೋಡೋದು ಬೇಡ್ವಾ?"

ಅಮ್ಮ ಬೆಳಗಿನಿಂದ ತಲೆ ಎತ್ತಿರಲಿಲ್ಲ. ಈಗ ಎತ್ತಿದಳು.

"ನಿಜವಾಗ್ಲೂ ಬರ್ತಾನಾ?"

"ಸಾಹೇಬರ ಮಾತು ತಾಯಿ."

"ಕಾಯೋಣ ಕಣೇ," ಅಮ್ಮ ಮಗಳ ಕೈ ಹಿಡಿದಳು. "ಅವನೊಂದು ಸಲ ನೋಡಲಿ. ಆಮೇಲೆ ಏನಾದ್ರೂ ಮಾಡು."

ಆ ಮುಖ ನೋಡಿ ಇಲ್ಲ ಅನ್ನಲು ಮಗಳಿಗೆ ಆಗಲಿಲ್ಲ. ತಮ್ಮನಿಗಾಗಿ ಕಾಯುವುದಾದರೆ ಸಂಸದರ ಭಾಷಣವನ್ನು ಅಪ್ಪನ ತಲೆಯ ಮೇಲೆ ಸುರಿಸಿಕೊಳ್ಳಬೇಕು. ಭಾಷಣ ಬೇಡ ಅಂದರೆ ತಮ್ಮನಿಗೆ ಅಪ್ಪನ ಮುಖವಿಲ್ಲ. ಹೊರಗೆ ಹೆಣದ ವ್ಯಾನು ನಿಂತಿತ್ತು. ಸ್ಟೀರಿಂಗ್ ಹಿಡಿದು ಕೂತಿದ್ದವನು ಅವಳದೇ ಬಸ್ಸಿನ ಡ್ರೈವರಣ್ಣ, ರಜೆ ಹಾಕಿ ಬಂದಿದ್ದ. ಅವನು ಅವಳ ಕಡೆ ನೋಡಿ, ಏನು ಮಾಡಲಿ ಅಂತ ಹುಬ್ಬೇರಿಸಿದ. ಅವಳು ತಡಿ ಅಂತ ಕೈ ಮಾಡಿದಳು. ಡ್ರೈವರಣ್ಣ ಇಂಜಿನ್ ಆರಿಸಿದ.

*

ಸಂಸದರ "ಗಡಿ ಕಾಯಬೇಕು" ಮಾತು ಹುಟ್ಟಿದ್ದು ಹಿಂದೊಮ್ಮೆ, ಸರ್ಕಲ್ಲಿನಲ್ಲಿ ಅವರ ಭಾಷಣವಿದ್ದ ಒಂದು ಸಂಜೆ. ವೇದಿಕೆಯ ಹಿಂದೆ ಆಸ್ಪತ್ರೆಯ ಹೊಸ ಕಟ್ಟಡ ಕಾಣುತ್ತಿತ್ತು. ಕಟ್ಟಡ ಅನ್ನುವುದು ಬಾಯಿಮಾತಿಗೆ. ಇದ್ದದ್ದು ಕಂಬಗಳು, ಕಂಬಗಳ ತುದಿಯಲ್ಲಿ ತುಕ್ಕು ಹಿಡಿದ ಕಬ್ಬಿಣದ ಸರಳುಗಳು. ಅದರ ಅನುದಾನ ಏನಾಯಿತು ಅಂತ ಯಾರೋ ಗುಂಪಿನಿಂದ ಕೂಗಿ ಕೇಳಿದರು. ಸಂಸದರು ಸಿಟ್ಟಾಗಲಿಲ್ಲ. ಅವರು ಮಾತು ಬಲ್ಲವರು.

"ಕೇಳಿದ್ದು ಒಳ್ಳೇದಾಯ್ತು. ಹೌದು, ಆ ಅನುದಾನ ಸೇನೆಗೆ ಹೋಗಲಿ ಅಂತ ಸಭೇಲಿ ಕೈ ಎತ್ತಿದವನು ನಾನೇ. ಯುದ್ಧಕಾಲೇ ಶಸ್ತ್ರಾಭ್ಯಾಸ ಅಂತ ಹಿರಿಯರು ಯಾಕೆ ಹೇಳಿದ್ರು? ಕೋಟೆ ಸೂರೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿ ಏನು ಪ್ರಯೋಜನ? ನಾಳೆ ನಿಮಗೆ ಚಂದದ ಆಸ್ಪತ್ರೆ ಕಟ್ಟಿಸಿಕೊಡ್ತೀನಿ. ನಾಡಿದ್ದು ವೈರಿ ಬಂದು ಅದರ ನೆತ್ತಿ ಮೇಲೆ ಬಾಂಬು ಹಾಕಿದ್ರೆ? ಯೋಧ ರಜೆಯಲ್ಲಿದ್ದರೆ ದೇಶ ನಿದ್ದೆಯಲ್ಲಿದ್ದ ಹಾಗೆ. ಅದಕ್ಕೇ ನಾನು ಹೇಳೋದು, ಗಡಿ ಕಾಯಬೇಕು, ಆಸ್ಪತ್ರೆ ಕಾಯಲಿ!"

ಚಪ್ಪಾಳೆಯೋ ಚಪ್ಪಾಳೆ. ಒಂದೇ ಮಾತನ್ನು ಹೀಗೂ ಹಾಗೂ ತಿರುಗಿಸಿದ್ದು ಜನಕ್ಕೆ ಹಿಡಿಸಿಬಿಟ್ಟಿತು. ಅಪ್ಪನೂ ತಟ್ಟಿದ. ಮಗ ಆಗ ತಾನೇ ಸೇನೆಗೆ ಸೇರಿದ್ದ. ಗಡಿ ಅಂದರೆ ಸಾಕು, ಅಪ್ಪನ ಎದೆ ಒಂದು ಗೇಣು ಉಬ್ಬುತ್ತಿತ್ತು.

ವಾರ ಕಳೆಯುವುದರೊಳಗೆ ಅದನ್ನು ಊರಿನ ಗೋಡೆಗಳ ಮೇಲೆಲ್ಲ ಬರೆಯುವ ಕೆಲಸ ಅಪ್ಪನಿಗೇ ಬಂತು. ಆಸ್ಪತ್ರೆಯ ಕಾಂಪೌಂಡಿನ ಮೇಲೂ ಬರೆಯಬೇಕು, ಅದೂ ಆಯಿಲ್ ಪೇಂಟಿನಲ್ಲಿ, ವರ್ಷಾನುಗಟ್ಟಲೆ ಉಳಿಯುವ ಹಾಗೆ ಅಂತ ಫೋನಪ್ಪ ಹೇಳಿ ಹೋದ.

"ಅಪ್ಪಾ, ಬೇರೆ ಎಲ್ಲಿ ಬೇಕಾದ್ರೂ ಬರಿ," ಮಗಳು ಅಂದಿದ್ದಳು. "ಆಸ್ಪತ್ರೆ ಗೋಡೆ ಮೇಲೆ ಬೇಡ. ಬಸುರಿಯರನ್ನ, ಎದೆನೋವಿನವರನ್ನ ನನ್ನ ಬಸ್ಸಲ್ಲೇ ದೊಡ್ಡಾಸ್ಪತ್ರೆಗೆ ಕರ್ಕೊಂಡು ಹೋಗ್ತಾರೆ. ಗುಂಡಿ ಬಂದಾಗಲೆಲ್ಲ ಅವರು ನರಳೋದನ್ನ ಕೇಳೋಳು ನಾನು. ರೋಗ ಬಂದ ಮೇಲೆ ಆಸ್ಪತ್ರೆ ಕಟ್ಟೋದೂ ಯುದ್ಧಕಾಲದ ಶಸ್ತ್ರಾಭ್ಯಾಸಾನೇ ಅಲ್ವಾ?"

"ಬರೆಯೋ ಕೈ ಮಾತ್ರ ನಂದು ಕಣೇ, ಬಾಯಿ ಅವರದು. ಗೋಡೆಗೆ ಪಕ್ಷ ಇಲ್ಲ."

"ಗೋಡೆಗಿಲ್ಲ. ನಿನಗೂ ಇಲ್ವಾ?"

ಅಪ್ಪ ಬ್ರಷ್ಷುಗಳನ್ನು ಸೀಮೆಎಣ್ಣೆಯಲ್ಲಿ ಅದ್ದಿಟ್ಟ.

ಮರುದಿನ ಹೋಗಿ ಬರೆದ. ನೀಲಿ ಆಯಿಲ್ ಪೇಂಟು, ಆಳೆತ್ತರದ ಅಕ್ಷರ. ಜನ ಓಡಾಡಿದರು, ನೋಡಿದರು, ಯಾರೂ ಏನೂ ಅನ್ನಲಿಲ್ಲ. ಮಾತು ಎಲ್ಲರ ಬಾಯಲ್ಲೂ ಕಂಠಪಾಠವಾಗಿದ್ದರಿಂದ ಯಾರೂ ಅದನ್ನು ಓದುವ ಗೋಜಿಗೇ ಹೋಗಲಿಲ್ಲ. ಕೊನೆಗೆ ಎದುರು ಪಕ್ಷದವನೊಬ್ಬ ಪಕ್ಕದ ಅಂಗಡಿಯಲ್ಲಿ ಚಹಾ ಕುಡಿಯುತ್ತ, ನಕ್ಕು ನಕ್ಕು ಚಹಾ ಮೂಗಿಗೆ ಏರಿಸಿಕೊಂಡ. ಗೋಡೆಯ ಮೇಲೆ ಇದ್ದದ್ದು ಹೀಗೆ:

ಗಡಿ ಕಾಯಲಿ, ಆಸ್ಪತ್ರೆ ಕಾಯಬೇಕು.

ಪದಗಳು ಅವೇ, ಬಾಲ ಮಾತ್ರ ಅದಲು ಬದಲು. ಅಪ್ಪನನ್ನು ಸಂಸದರ ಮನೆಗೆ ಕರೆಸಿದರು. ಮೆಟ್ಟಿಲ ಕೆಳಗೆ, ಚಪ್ಪಲಿ ಬಿಡುವ ಜಾಗದಲ್ಲಿ, ಇಡೀ ಹಗಲು ನಿಲ್ಲಿಸಿದರು. ಸಂಜೆ ಸಂಸದರು ಹೊರಗೆ ಬಂದರು.

"ಓದು ಬರಹ ಬರುತ್ತೇನಯ್ಯ ನಿನಗೆ?"

"ಅಕ್ಷರ ಬರುತ್ತೆ ಸ್ವಾಮಿ. ಅರ್ಥ ತಮ್ಮಂಥವರದು. ಎರಡೂ ಕಾಯೋದೇ ಅಲ್ವಾ, ಕೈ ತಪ್ಪಿಬಿಡ್ತು."

ಸಂಸದರಿಗೆ ನಗು ಬಂತು. ತಿದ್ದಿಬಿಡು ಅಂದರು. ಅಪ್ಪ ಮರುದಿನವೇ ತಿದ್ದಿದ. ತಿದ್ದಿ ಮನೆಗೆ ಬಂದಾಗ ಮಗಳು ಬಾಗಿಲಲ್ಲೇ ಹಿಡಿದುಕೊಂಡಳು. ಗೋಡೆ ತಪ್ಪಾಗಿದ್ದಷ್ಟು ದಿನ ಅವಳು ಒಳಗೊಳಗೇ ಅಪ್ಪನ ಬಗ್ಗೆ ಹೆಮ್ಮೆಪಟ್ಟಿದ್ದಳು.

"ತಿದ್ದಿಬಿಟ್ಯಾ? ಕರೆದ ತಕ್ಷಣ ಬಾಲ ಅಲ್ಲಾಡಿಸ್ಕೊಂಡು ಹೋಗಿ ತಿದ್ದಿಬಿಟ್ಯಾ?"

"ಡಿಸ್ಟೆಂಪರಲ್ಲಿ ತಿದ್ದಿದೀನಿ, ಬಿಡೇ," ಅಂದ ಅಪ್ಪ. ಇನ್ನೂ ಏನೋ ಹೇಳುವವನಿದ್ದ, ಕೆಮ್ಮು ಬಂತು. ಆ ಕೆಮ್ಮು ಶುರುವಾಗಿದ್ದೇ ಆಗ.

ಅವಳು ಕೇಳಿಸಿಕೊಳ್ಳಲಿಲ್ಲ. ಊಟದ ತಟ್ಟೆ ತಳ್ಳಿ ಎದ್ದು ಹೋದಳು.

*

ಬಿಸಿಲು ಅಂಗಳದ ಅರ್ಧಕ್ಕೆ ಬಂದಿತ್ತು. ಯಾರೋ ಅಪ್ಪನ ಮುಖಕ್ಕೆ ಕೊಡೆ ಹಿಡಿದರು. ಫೋನಪ್ಪ ಕಾಂಪೌಂಡಿನಾಚೆ ನಿಂತು, "ಹಾಂ ಸಾರ್, ಹೂಂ ಸಾರ್, ಹೆಣ ಎಲ್ಲೂ ಹೋಗಲ್ಲ ಸಾರ್" ಅನ್ನುತ್ತಿದ್ದ. ದಾರಿಯಲ್ಲಿ ಸಂಸದರು ಯಾವುದೋ ಅಂಗಡಿಯ ಉದ್ಘಾಟನೆಗೆ ಇಳಿದಿದ್ದರಂತೆ.

"ನೋಡಿದ್ಯಾ," ಮಗಳು ಮಾವನಿಗೆ ಅಂದಳು. "ಇವರು ರಿಬ್ಬನ್ ಕತ್ತರಿಸಿ ಬರೋವರೆಗೂ ನಮ್ಮಪ್ಪ ಬಿಸಿಲು ಕಾಯಿಸ್ಕೊಂಡು ಮಲಗಿರಬೇಕು."

"ಮೆತ್ತಗೆ ಮಾತಾಡೇ ಮಾರಾಯ್ತಿ. ದೊಡ್ಡವರ ವಿಷ್ಯ. ಹಾವೂ ಸಾಯಬಾರದು, ಕೋಲೂ ಮುರೀಬಾರದು."

"ಹಾವು ಚೆನ್ನಾಗಿಯೇ ಇದೆ ಮಾವ. ಮುರಿದಿದ್ದು ನಾವು."

ಅವಳ ಫೋನು ಹೊಡೆದುಕೊಂಡಿತು. ತಮ್ಮ. ಬೆಳಗಿನಿಂದ ಸಿಗದವನು ಈಗ ಸಿಕ್ಕಿದ್ದ. ಅಮ್ಮನಿಗೂ ಕೇಳಲಿ ಅಂತ ಅವಳು ಸ್ಪೀಕರ್ ಹಾಕಿದಳು.

"ಅಕ್ಕಾ, ಮುಗೀತಾ?"

"ಇಲ್ವೋ. ನಿನಗೋಸ್ಕರ ಕಾಯ್ತಿದೀವಿ. ಸಾಹೇಬರು ರಜೆ ಕೊಡಿಸ್ತಾರಂತೆ, ಹೆಲಿಕಾಪ್ಟರಲ್ಲಿ ಕಳಿಸ್ತಾರಂತೆ."



"ಹೆಲಿಕಾಪ್ಟರಾ? ಮೊನ್ನೆ ನಮ್ಮ ಹುಡುಗನೊಬ್ಬನಿಗೆ ಜ್ವರ ನೆತ್ತಿಗೇರಿ, ಅವನನ್ನ ಕಂಬಳಿಯಲ್ಲಿ ಹೊತ್ಕೊಂಡು ಬೆಟ್ಟ ಇಳಿಸಿದ್ವಿ ಅಕ್ಕ. ಯಾರು ಹೇಳಿದ್ದು ಇದನ್ನ? ರಜೆ ಎಲ್ಲಾ ರದ್ದು. ಯಾರಿಗೂ ಇಲ್ಲ. ಯುದ್ಧ ಏನೂ ಇಲ್ಲ, ಆದ್ರೂ ಸಿದ್ಧತೆ ಅಂತ ಆಜ್ಞೆ. ಆ ಆಜ್ಞೆ ಆಗಲಿ ಅಂತ ಸಭೇಲಿ ಹಟ ಹಿಡಿದು ಕೂತಿದ್ದೇ ನಮ್ಮೂರ ಸಾಹೇಬರು. ಯೋಧ ರಜೆಯಲ್ಲಿದ್ದರೆ ದೇಶ ನಿದ್ದೆಯಲ್ಲಿ ಅಂದ್ರಂತಲ್ಲ! ಇಲ್ಲಿ ಎಲ್ಲರೂ ನನ್ನೇ ಗೇಲಿ ಮಾಡ್ತಾರೆ, ನಿಮ್ಮೂರಿನವರ ಕೃಪೆ ಕಣೋ ಅಂತ. ಮದುವೆ ಇದ್ದವನಿಗೂ ಬಿಡಲಿಲ್ಲ."

"ಹಂಗಾದ್ರೆ ನೀನು..." ಅಮ್ಮ ಫೋನಿನ ಹತ್ತಿರ ಬಾಗಿದಳು.

"ಇಲ್ಲಮ್ಮಾ. ಬರೋಕಾಗಲ್ಲ. ಕೇಳಿದೆ, ಕಾಲಿಗೆ ಬಿದ್ದೂ ಕೇಳಿದೆ." ಆಮೇಲೆ ಅಕ್ಕನಿಗೆ ಅಂದ, "ಅಕ್ಕಾ, ನನಗಾಗಿ ಕಾಯಬೇಡ. ಅಪ್ಪನ್ನ ಬಿಸಿಲಲ್ಲಿ ಇಡಬೇಡ."

ಫೋನು ಕಟ್ಟಾಯಿತು. ಫೋನಪ್ಪ ಒಳಗೆ ಬಂದು, "ಸೇನೆ ವಿಷಯ ಹೀಗೆ ಎಲ್ಲರ ಮುಂದೆ ಮಾತಾಡಬಾರದಮ್ಮ, ಅದು ರಹಸ್ಯ" ಅಂದ.

ಅಮ್ಮ ಎದ್ದು ನಿಂತಳು.

"ನನ್ನ ಮಗನಿಗೆ ರಜೆ ಇಲ್ಲ ಅಂತ ಮಾಡಿದವರೇ ರಜೆ ಕೊಡಿಸ್ತಾರೆ ಅಂತ ನನ್ನ ಮೂಗಿಗೆ ತುಪ್ಪ ಹಚ್ಚೋಕೆ ಬಂದ್ಯಾ? ಗಂಡ ಸತ್ತೋಳ ಮುಂದೆ ಮಂಡಿಯೂರಿ ಕೂತ್ಕೊಂಡು ಸುಳ್ಳು ಹೇಳ್ದೆ. ನಿನ್ನ ನಾಲಿಗೆಗೆ ಮೂಳೆ ಇಲ್ಲ, ನಿನಗೆ ಮನಸ್ಸೂ ಇಲ್ವೇನೋ?" ಅವಳು ಮಗಳ ಕಡೆ ತಿರುಗಿದಳು. "ಎತ್ಸೇ ನಿಮ್ಮಪ್ಪನ್ನ."

*

ಅಪ್ಪ ಸತ್ತದ್ದು ಹಿಂದಿನ ದಿನ ಮಧ್ಯಾಹ್ನ. ಉಸಿರು ಎಳೆಯಲಾಗದೆ ಆಸ್ಪತ್ರೆಗೆ ನಡೆದೇ ಹೋಗಿದ್ದ. ಹಾಸಿಗೆ ಖಾಲಿ ಇಲ್ಲ ಅಂತ ವಾರ್ಡಿನ ಹೊರಗೆ, ಪಡಸಾಲೆಯ ಬೆಂಚಿನ ಮೇಲೆ ಕೂರಿಸಿದ್ದರು. ಮಗಳು ಬಸ್ಸು ಬಿಟ್ಟು ಓಡಿ ಬಂದಾಗ ಆಮ್ಲಜನಕದ ಯಂತ್ರ ಮೂಲೆಯಲ್ಲಿ ಬಟ್ಟೆ ಹೊದ್ದು ನಿಂತಿತ್ತು.

"ಕೆಟ್ಟು ಎಷ್ಟೋ ದಿನ ಆಯ್ತು," ನರ್ಸಕ್ಕ ಅಂದಳು. ಅವಳ ಕಣ್ಣಲ್ಲಿ ನೀರಿತ್ತು. "ಬರೆದು ಬರೆದು ಸಾಕಾಯ್ತು ನಮಗೆ. ಸಿಲಿಂಡರ್ ತರೋಕೆ ಆಂಬುಲೆನ್ಸ್ ಹೋಗಿದೆ. ಸ್ವಲ್ಪ ಕಾಯಿರಿ."

ಅಪ್ಪ ಮಗಳ ತೋಳಿಗೆ ಒರಗಿ ಕಿಟಕಿಯ ಹೊರಗೆ ನೋಡುತ್ತಿದ್ದ. ಅಲ್ಲಿಂದ ಕಾಂಪೌಂಡಿನ ಒಳಮೈ ಮಾತ್ರ ಕಾಣುತ್ತಿತ್ತು, ಅವನ ಅಕ್ಷರ ಇದ್ದದ್ದು ಆ ಕಡೆ. ಏನೋ ಹೇಳಲು ತುಟಿ ಅಲ್ಲಾಡಿಸಿದ.

"ಗೋಡೆ... ಒದ್ದೆ ಬಟ್ಟೆ..."

ನರ್ಸಕ್ಕ ಬಟ್ಟೆ ಒದ್ದೆ ಮಾಡಿ ತಂದು ಅವನ ಹಣೆಗೆ ಹಾಕಿದಳು. ಅಪ್ಪ ತಲೆ ಅಲ್ಲಾಡಿಸಿದ, ಅದಲ್ಲ ಅನ್ನುವ ಹಾಗೆ. ಮತ್ತೆ "ಒದ್ದೆ ಬಟ್ಟೆ" ಅಂದ. ಅವಳು ಇನ್ನೊಂದನ್ನು ಎದೆಗೆ ಹಾಕಿದಳು. ಆಂಬುಲೆನ್ಸ್ ಬರುವಷ್ಟರಲ್ಲಿ ಆ ಬಟ್ಟೆ ಅಲುಗಾಡುವುದು ನಿಂತಿತ್ತು.

*

ಅಪ್ಪನನ್ನು ವ್ಯಾನಿಗೆ ಏರಿಸಿದರು. ಫೋನಪ್ಪ ವ್ಯಾನಿನ ಮುಂದೆ ನಿಂತು, "ಸಾಹೇಬರ ಕಾರು ತಿರುವಿನಲ್ಲಿದೆ, ಕಾಯ್ರೀ, ಕಾಯ್ರೀ!" ಅಂತ ಬಾಯಿ ಬಡಿದುಕೊಂಡ. ಮಗಳು ಹಿಂಬಾಗಿಲ ಮೆಟ್ಟಿಲೇರಿ, ತಗಡಿನ ಮೇಲೆ ಅಂಗೈಯಿಂದ ಎರಡು ಸಲ ಬಡಿದಳು.

"ರೈಟ್!"

ಡ್ರೈವರಣ್ಣನಿಗೆ ಆ ಕೂಗು ಕೇಳಿದ ಮೇಲೆ ಬ್ರಹ್ಮ ಬಂದರೂ ನಿಲ್ಲಿಸಿ ಗೊತ್ತಿಲ್ಲ. ಗಾಡಿ ಹೊರಟಿತು. ಫೋನಪ್ಪ ಪಕ್ಕಕ್ಕೆ ಹಾರಿದ, ಒಂದು ಫೋನು ಚರಂಡಿಗೆ ಬಿತ್ತು. ಹಿಂದೆ ನಡೆದು ಬರುತ್ತಿದ್ದವರಲ್ಲಿ ಯಾರಿಗೋ ನಗು ತಡೆಯಲಾಗಲಿಲ್ಲ, ಆಮೇಲೆ ಸಾವಿನ ದಿನ ಅಂತ ನೆನಪಾಗಿ ಬಾಯಿ ಮುಚ್ಚಿಕೊಂಡರು.

ಆಸ್ಪತ್ರೆ ರಸ್ತೆಯಲ್ಲಿ ಸಂಸದರ ಕಾರುಗಳು ಎದುರಾದವು. ಒಂದರ ಹಿಂದೊಂದು ಬಂದು ರಸ್ತೆಯನ್ನೇ ತುಂಬಿದವು. ವ್ಯಾನು ನಿಲ್ಲಲೇಬೇಕಾಯಿತು. ಸಂಸದರು ಇಳಿದು, ವ್ಯಾನಿಗೆ ಕೈ ಮುಗಿದು, ಸುತ್ತ ಒಮ್ಮೆ ನೋಡಿದರು. ಟೀವಿಯವನಿಗೆ ಗೋಡೆ ಮೊದಲು ಕಂಡಿತು.

"ಸಾರ್, ಇಲ್ಲೇ ನಿಂತ್ಕೊಳಿ. ಹಿಂದೆ ನಿಮ್ಮದೇ ಮಾತಿದೆ."

"ಹೌದಲ್ಲ! ಇಲ್ಲೇ ಆಗಲಿ," ಅಂದರು ಸಂಸದರು. ಗೋಡೆಗೆ ಬೆನ್ನು ಹಾಕಿ ನಿಂತು ಗಂಟಲು ಸರಿಮಾಡಿಕೊಂಡರು. "ಬಂಧುಗಳೇ, ಈ ಅಕ್ಷರಗಳನ್ನ ಬರೆದ ಕೈ ಇವತ್ತು ತಣ್ಣಗಾಗಿದೆ. ಇವರು ಮಗನನ್ನ ಗಡಿಗೆ ಕಳಿಸಿದವರು. ತಮಗೆ ಆಸ್ಪತ್ರೆ ಬೇಕು ಅಂತ ಒಂದು ದಿನ ಬಾಯಿ ಬಿಟ್ಟವರಲ್ಲ..."

ಮಗಳಿಗೆ ಅದು ಕೇಳಿಸಿತು. ಬಾಯಿ ಬಿಟ್ಟವರಲ್ಲ! ಬಾಯಿ ಬಿಡಲು ಉಸಿರಿದ್ದರೆ ತಾನೆ! ಕೆಳಗೆ ಹಾರಿ ಅವರ ಮೈಕು ಕಿತ್ತುಕೊಳ್ಳಬೇಕು ಅನ್ನಿಸಿ ಮೆಟ್ಟಿಲು ಇಳಿದಳು. ಇಳಿದವಳು ಗೋಡೆಯ ಹತ್ತಿರ ಹೋಗುತ್ತಲೇ ನಿಂತಳು. "ಕಾಯಬೇಕು" ಅನ್ನುವುದರ ಕೊನೆಯಲ್ಲಿ ಬಣ್ಣ ಸಿಪ್ಪೆ ಎದ್ದಿತ್ತು. ಸಿಪ್ಪೆಯ ಕೆಳಗೆ ಫಳಫಳ ಹೊಳೆಯುವ ನೀಲಿ.

ಸಣ್ಣವಳಿದ್ದಾಗ ಅವಳು ಅಪ್ಪನ ಟ್ರಂಕಿಗೆ, ಆಯಿಲ್ ಪೇಂಟು ಹೊಡೆದ ಟ್ರಂಕಿಗೆ, ಡಿಸ್ಟೆಂಪರಿನಲ್ಲಿ ಹೂವು ಬರೆದಿದ್ದಳು. ಅಪ್ಪ ಒದ್ದೆ ಬಟ್ಟೆಯಿಂದ ಒಂದೇ ಸಲ ಒರೆಸಿ ತೋರಿಸಿದ್ದ. ಹೂವಿನ ಸುಳಿವೇ ಇರಲಿಲ್ಲ. "ಆಯಿಲ್ ಮೇಲೆ ಡಿಸ್ಟೆಂಪರ್ ನಿಲ್ಲಲ್ಲ ಮಗಳೇ. ಇದು ಗೊತ್ತಿಲ್ಲದವನು ಪೇಂಟರೇ ಅಲ್ಲ."

ಡಿಸ್ಟೆಂಪರಲ್ಲಿ ತಿದ್ದಿದೀನಿ, ಬಿಡೇ.

"ಅಯ್ಯೋ ಅಪ್ಪಾ," ಅಂದಳು. ಜೋರಾಗಿಯೇ ಅಂದಳು. "ಅಯ್ಯೋ ಕಳ್ಳಾ!"

ಆಸ್ಪತ್ರೆಯ ಗೇಟಿನಲ್ಲಿ ನರ್ಸಕ್ಕ ನಿಂತಿದ್ದಳು, ಪಕ್ಕದಲ್ಲಿ ನೆಲ ಒರೆಸುವ ಹೆಂಗಸು ಬಕೆಟ್ಟಿನ ಸಮೇತ. ಮಗಳು ಏನೂ ಕೇಳದೆ ಬಕೆಟ್ಟಿಗೆ ಕೈ ಹಾಕಿ ಬಟ್ಟೆ ಎತ್ತಿಕೊಂಡಳು. ನರ್ಸಕ್ಕ ಅದನ್ನೇ ನೋಡಿದಳು. "ಒದ್ದೆ ಬಟ್ಟೆ..." ಅಂತ ತನಗೆ ತಾನೇ ಅಂದುಕೊಂಡಳು, ಆಮೇಲೆ ಅವಳೂ ಒಂದು ಬಟ್ಟೆ ತೆಗೆದುಕೊಂಡಳು.

ಸಂಸದರು ಸಿದ್ಧತೆಯ ವಿಷಯಕ್ಕೆ ಬಂದಿದ್ದರು. ಹೊಸ ತೋಪುಗಳು ಬೇಕು, ನಾಳೆ ಸಭೆಯಲ್ಲಿ ಯಾರು ಕೈ ಎತ್ತುವುದಿಲ್ಲವೋ ಅವರು ಈ ತಂದೆಗೆ ದ್ರೋಹ ಬಗೆದ ಹಾಗೆ. ಅವರ ಬೆನ್ನ ಹಿಂದೆ ಮಗಳು "ಬೇಕು" ಒರೆಸಿದಳು. ನೀಲಿ ನೀರು ಮೊಣಕೈವರೆಗೆ ಇಳಿಯಿತು. ಹಳೆಯ ಅಕ್ಷರ ಮುಚ್ಚಲು ಅಪ್ಪ ಬಳಿದಿದ್ದ ಬಿಳಿಯೂ ಇಳಿಯಿತು. "ಲಿ" ಎದ್ದು ಬಂತು, ನಿನ್ನೆ ಬರೆದಷ್ಟು ಹೊಸದಾಗಿ. ಆ ತುದಿಯ "ಲಿ" ಒರೆಸುತ್ತಿದ್ದ ನರ್ಸಕ್ಕನ ಕೈಗೆ ಮೇಲೆ ಎಟುಕುತ್ತಿರಲಿಲ್ಲ. ಮಾವ ಗುಂಪಿನಿಂದ ಹೊರಗೆ ಬಂದ, ಒಂದು ಸಲ ಸಂಸದರ ಕಡೆ ನೋಡಿದ, ಒಂದು ಸಲ ವ್ಯಾನಿನ ಕಡೆ ನೋಡಿದ. ಬಟ್ಟೆ ಇಸಿದುಕೊಂಡು ಉದ್ದಕ್ಕೆ ಕೈ ಚಾಚಿ ಒರೆಸತೊಡಗಿದ. ಅವನ ಬೆನ್ನು ನೆಟ್ಟಗಾಗಿದ್ದನ್ನು ಅವಳು ನೋಡಿದ್ದು ಅದೇ ಮೊದಲು.

ಗುಂಪು ಗೋಡೆಯನ್ನು ಓದತೊಡಗಿತು. ಇಷ್ಟು ದಿನ ಓದದವರು ಈಗ ತುಟಿ ಅಲ್ಲಾಡಿಸಿ ಓದಿದರು. ಫೋನಪ್ಪ ಓಡಿ ಬಂದವನು ಟೀವಿಯವನ ಮುಂದೆ ಕೈ ಅಡ್ಡ ಹಿಡಿದ; ಟೀವಿಯವನು ಅವನ ಕೈಯನ್ನು ಸರಿಸಿದ. ಎಲ್ಲರೂ ತಮ್ಮ ಕಡೆಗೇ ನೋಡುತ್ತಿದ್ದಾರೆ ಅಂದುಕೊಂಡು ಸಂಸದರು ದನಿ ಇನ್ನೂ ಏರಿಸಿದರು.

ಮಗಳು ಬಟ್ಟೆಯನ್ನು ಬಕೆಟ್ಟಿಗೆ ಹಾಕಿ ವ್ಯಾನಿಗೆ ಮರಳಿದಳು. ಎದುರಿನ ಕಾರಿನವನು ತಾನಾಗಿಯೇ ರಿವರ್ಸ್ ತೆಗೆದ. ಅಮ್ಮ ಒಳಗೆ ಅಪ್ಪನ ಪಕ್ಕದಲ್ಲಿ ಕೂತು, ಮಗಳ ಒದ್ದೆ ನೀಲಿ ಕೈಯನ್ನು ನೋಡಿ, ಅದನ್ನು ಎಳೆದು ಅಪ್ಪನ ಕೈಯ ಮೇಲೆ ಇಟ್ಟುಕೊಂಡಳು. ಅಪ್ಪನ ಉಗುರುಗಳ ಸಂದಿಯಲ್ಲೂ ಅದೇ ನೀಲಿ ಇತ್ತು.

"ರೈಟ್," ಅಂದಳು ಮಗಳು. ಈ ಸಲ ಮೆಲ್ಲಗೆ. ಡ್ರೈವರಣ್ಣನಿಗೆ ಕೇಳಿಸಿತು.

ಹಿಂದಿನ ಗಾಜಿನಲ್ಲಿ ಸಂಸದರು ಕಾಣುತ್ತಿದ್ದರು, ಬೆರಳೆತ್ತಿ ಇನ್ನೂ ಮಾತಾಡುತ್ತ. ಅವರ ತಲೆಯ ಮೇಲೆ ಆಳೆತ್ತರದ ನೀಲಿ ಅಕ್ಷರಗಳಿಂದ ನೀರು ತೊಟ್ಟಿಕ್ಕುತ್ತಿತ್ತು: ಗಡಿ ಕಾಯಲಿ, ಆಸ್ಪತ್ರೆ ಕಾಯಬೇಕು.